ಗುಜರಿ ತಕ್ಕಡಿಗೆ ಹಾಕುವ ಮುನ್ನ ಒಂದು ಮಾತು

ನಮ್ಮ ಬಳಗದ ಗೆಳೆಯನೊಬ್ಬನ ತಾತ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹದಿನೆಂಟರ ಹರೆಯದಲ್ಲಿ ಕೆಲಸಕ್ಕೆ ಸೇರಿ, ನಿವೃತ್ತಿಯಾದ ಮೇಲೆ ಊರಿಗೆ ಬಂದು ರಾಗಿ ಹೊಲ ನೋಡಿಕೊಂಡಿದ್ದರು. ಅವರ ಮಂಚದ ಕೆಳಗೆ ಒಂದು ತಗಡಿನ ಟ್ರಂಕ್ ಇತ್ತು. ಅದರಲ್ಲಿ ಮೂರ್ನಾಲ್ಕು ಸ್ಪಾನರ್, ಒಂದು ಸುತ್ತಿಗೆ, ಹರಾಜಿನಲ್ಲಿ ಕೊಂಡ ಒಡೆದ ಮೀಟರ್ ಒಂದು, ಅಂಗೈ ಅಗಲದ ಅಲ್ಯೂಮಿನಿಯಂ ತಗಡು. ತಗಡಿನ ಮೇಲೆ ಎರಡು ಸಾಲು ರಿವೆಟ್. ಕೆಲಸ ಕಲಿಯುವಾಗ ಅವರೇ ಹೊಡೆದದ್ದು.

"ಸತ್ತು ಬಿದ್ದಿದ್ದ ವಿಮಾನಗಳನ್ನ ಎಬ್ಬಿಸಿ ಹಾರಿಸಿದ್ವಿ ಕಣೋ" ಎಂದು ಅವರು ಆಗಾಗ ಹೇಳುತ್ತಿದ್ದರಂತೆ. ಮನೆಯವರಿಗೆ ಅದು ಮುದುಕರ ಬಡಾಯಿ. ನಾವೂ ಎರಡು ಸಲ ಆ ಮನೆಗೆ ಹೋಗಿ ಮುದ್ದೆ ಉಂಡು ಬಂದಿದ್ದೇವೆ. ಪತ್ರಿಕೋದ್ಯಮ ಓದಿದವರು ನಾವು. ಒಮ್ಮೆಯಾದರೂ ಅವರ ಮುಂದೆ ಕೂತು "ಯಾವ ವಿಮಾನ ತಾತ, ಎಲ್ಲಿ ಬಿದ್ದಿತ್ತು" ಎಂದು ಕೇಳಲಿಲ್ಲ.

ಅವರು ತೀರಿಕೊಂಡ ವರ್ಷವೇ ಮನೆ ಸುಣ್ಣ ಬಳಿಸುವಾಗ ಟ್ರಂಕ್ ಗುಜರಿಗೆ ಹೋಯಿತು. ಕೈಗೆ ಬಂದ ದುಡ್ಡು ಒಂದು ಚೀಲ ಡಿಎಪಿ ಗೊಬ್ಬರಕ್ಕೂ ಸಾಲಲಿಲ್ಲ. ಹಬ್ಬಕ್ಕೆ ಊರಿಗೆ ಬಂದ ಗೆಳೆಯ ಗುಜರಿ ಅಂಗಡಿಗೆ ಓಡಿದ. "ಆ ಲೋಡು ಆಗಲೇ ಬೆಂಗಳೂರಿಗೆ ಹೋಯ್ತಲ್ಲ ಸ್ವಾಮಿ" ಎಂದರು ಅಂಗಡಿಯವರು.

ತಾತ ಹೇಳುತ್ತಿದ್ದದ್ದು ಬಡಾಯಿ ಆಗಿರಲಿಕ್ಕಿಲ್ಲ ಎಂದು ನಮಗೆ ಗೊತ್ತಾಗಿದ್ದು ಆಮೇಲೆ. ಅದಕ್ಕೇ ಈ ಬರಹ.

ಕಾನ್ಪುರದಲ್ಲಿ ಬಿದ್ದಿದ್ದ ಹಕ್ಕಿಗಳು

ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಬಿ-24 ಲಿಬರೇಟರ್ ಎಂಬ ದೊಡ್ಡ ಬಾಂಬರ್ ವಿಮಾನವನ್ನು 18,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದರು. ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಒಂದಷ್ಟು ವಿಮಾನಗಳನ್ನು ಬ್ರಿಟಿಷರಿಗೆ ಕಡವಾಗಿ ಕೊಟ್ಟಿದ್ದರು. ಯುದ್ಧ ಮುಗಿದ ಮೇಲೆ ಆ ವಿಮಾನಗಳನ್ನು ಹಿಂದಕ್ಕೆ ಕೊಡಬೇಕು, ಇಲ್ಲವಾದರೆ ಇನ್ಯಾರೂ ಬಳಸದ ಹಾಗೆ ಹಾಳುಗೆಡವಬೇಕು. ಅಷ್ಟು ದೂರ ಹೊತ್ತುಕೊಂಡು ಹೋಗುವವರು ಯಾರು? ಕಾನ್ಪುರದ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಎಂಜಿನ್‌ಗೆ ಮರಳು ಸುರಿದು, ಮೀಟರುಗಳನ್ನು ಒಡೆದು, ಬುಲ್ಡೋಜರ್ ಗುದ್ದಿಸಿ ಬಿಟ್ಟು ಹೋದರು. ಲೆಕ್ಕಕ್ಕೆ ಅವು ಗುಜರಿ.

ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ದೇಶದ ಹತ್ತಿರ ದೊಡ್ಡ ಬಾಂಬರ್ ಇರಲಿಲ್ಲ, ಹೊಸದು ಕೊಳ್ಳಲು ದುಡ್ಡೂ ಇರಲಿಲ್ಲ. ಕಾನ್ಪುರದ ಗುಜರಿಯಿಂದ ವಿಮಾನ ಎತ್ತಬಹುದೇ ಎಂದು ಸರ್ಕಾರ ಕೇಳಿದ್ದು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು. ಇಂದಿನ ಎಚ್‌ಎಎಲ್ ಅದೇ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜತೆಗೂಡಿ ಕಟ್ಟಿದ ಕಾರ್ಖಾನೆ. ಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಅಲ್ಲಿ ನಡೆದಿತ್ತು. ಅಲ್ಲಿನವರ ಕೈ ಆಗಲೇ ಪಳಗಿತ್ತು.

ಬೆಂಗಳೂರಿನಿಂದ ಹೋದ ತಂಡ ಅಲ್ಲೇ ಮೈದಾನದಲ್ಲಿ ಕೆಲಸಕ್ಕೆ ಕೂತಿತು. ಇದರ ರೆಕ್ಕೆಯ ತುಂಡು ಅದಕ್ಕೆ, ಅದರ ಮೀಟರ್ ಇದಕ್ಕೆ. ನಮ್ಮೂರಲ್ಲಿ ಎರಡು ಕೆಟ್ಟ ಪಂಪ್‌ಸೆಟ್ ಬಿಚ್ಚಿ ಒಂದು ಓಡುವ ಪಂಪ್‌ಸೆಟ್ ಮಾಡುತ್ತೇವಲ್ಲ, ಲೆಕ್ಕ ಅದೇ. ಬೆಂಗಳೂರಿನವರೆಗೆ ಹಾರುವಷ್ಟು ಸರಿ ಮಾಡಿ, ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಶಿ ಒಂದೊಂದಾಗಿ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಲಾಯಿತು. ಹೀಗೆ ಎದ್ದು ನಿಂತವು 42 ವಿಮಾನ. 1948ರ ನವೆಂಬರ್‌ನಲ್ಲಿ ಇದೇ ಲಿಬರೇಟರ್‌ಗಳನ್ನು ಇಟ್ಟುಕೊಂಡು ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಯಿತು. 1968ರವರೆಗೆ ಅವು ಹಾರಿದವು. ಗುಜರಿ ಎಂದು ಬಿಟ್ಟುಹೋದವು ಇಪ್ಪತ್ತು ವರ್ಷ ದೇಶ ಕಾದವು!

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಮೆರಿಕ ತನ್ನ ಲಿಬರೇಟರ್‌ಗಳನ್ನು ಕತ್ತರಿಸಿ ಕರಗಿಸಿಬಿಟ್ಟಿತ್ತು. ಮುಂದೆ ಮ್ಯೂಸಿಯಂಗಳಿಗೆ ಲಿಬರೇಟರ್ ಬೇಕೆನಿಸಿದಾಗ ಎಲ್ಲರೂ ನೋಡಿದ್ದು ಭಾರತದ ಕಡೆಗೆ. ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂ, ಕೆನಡಾದ ಮ್ಯೂಸಿಯಂ, ಅಮೆರಿಕದ ಅರಿಝೋನಾದಲ್ಲಿರುವ ಪೀಮಾ ಮ್ಯೂಸಿಯಂ, ಇಲ್ಲೆಲ್ಲ ನಿಂತಿರುವ ಲಿಬರೇಟರ್‌ಗಳು ಭಾರತದಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್‌ನವರು 1989ರಲ್ಲಿ ಮತ್ತೆ ಹಾರುವಂತೆ ಮಾಡಿದ ಲಿಬರೇಟರ್ ಕೂಡ ಭಾರತೀಯ ವಾಯುಪಡೆಯಲ್ಲಿ ದುಡಿದು ಬಂದದ್ದೇ. ಜಗತ್ತಿನಲ್ಲಿ ಇವತ್ತು ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಉಳಿದಿದ್ದು, ಬೆಂಗಳೂರಿನಲ್ಲಿ ಯಾರೋ ಫಿಟ್ಟರುಗಳು ಕಾನ್ಪುರದ ಗುಜರಿಯನ್ನು ಗುಜರಿ ಅನ್ನದೆ ಇದ್ದುದರಿಂದ.

ಪೈಲಟ್ ಹೆಸರು ಪುಸ್ತಕದಲ್ಲಿ ಸಿಗುತ್ತದೆ. ಸ್ಪಾನರ್ ಹಿಡಿದವರ ಹೆಸರು ಹುಡುಕಿ ನೋಡಿ. ನಮ್ಮ ಗೆಳೆಯನ ತಾತ ಆ ಗುಂಪಿನಲ್ಲಿ ಇದ್ದರೋ ಇಲ್ಲವೋ, ಈಗ ಹೇಳುವವರು ಯಾರೂ ಇಲ್ಲ. ಟ್ರಂಕಿನಲ್ಲಿದ್ದ ಆ ತಗಡು ಹೇಳುತ್ತಿತ್ತೇನೋ.

ಮರುಬಳಕೆ ನಮಗೆ ಹೊಸದಲ್ಲ

ಹಳೆಯದನ್ನು ಹೊಸದಕ್ಕೆ ಹಚ್ಚುವುದನ್ನು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರಾಜಸ್ಥಾನದ ಒಂಟೆ ಗಾಡಿಗಳು ಓಡುವುದು ಹಳೆಯ ವಿಮಾನದ ಟೈರುಗಳ ಮೇಲೆ. ಭಾರ ತಾಳುತ್ತವೆ, ಮರಳಲ್ಲಿ ಹೂಳುವುದಿಲ್ಲ. ಈಶಾನ್ಯ ರಾಜ್ಯಗಳಲ್ಲಿ ಯುದ್ಧಕಾಲದ ರನ್‌ವೇಗೆ ಹಾಸಿದ್ದ ತೂತುತೂತಿನ ಉಕ್ಕಿನ ಹಲಗೆಗಳು ಮನೆಗಳ ಬೇಲಿಯಾಗಿವೆ. ವಿಯೆಟ್ನಾಮಿನಲ್ಲಿ ಯುದ್ಧವಿಮಾನಗಳು ಕಳಚಿ ಬೀಳಿಸಿದ ಇಂಧನ ಟ್ಯಾಂಕ್‌ಗಳನ್ನು ಸೀಳಿ ದೋಣಿ ಮಾಡಿಕೊಂಡರು. ಲಾವೋಸ್ ದೇಶದ ಬಾನ್ ನಾಪಿಯಾ ಎಂಬ ಹಳ್ಳಿಯವರು ತಮ್ಮ ಮೇಲೆ ಬಿದ್ದ ಬಾಂಬು, ವಿಮಾನಗಳ ಅಲ್ಯೂಮಿನಿಯಂ ಕರಗಿಸಿ ಚಮಚ ಎರಕ ಹೊಯ್ಯುತ್ತಾರೆ. ಬ್ರಿಟನ್ನಿನಲ್ಲಿ ಯುದ್ಧ ಮುಗಿದ ಮೇಲೆ ವಿಮಾನ ಕಾರ್ಖಾನೆಗಳು ಅಲ್ಯೂಮಿನಿಯಂ ಮನೆಗಳನ್ನು ತಯಾರಿಸಿದವು. ವಿಮಾನಗಳ ಗುಜರಿ ಕರಗಿಸಿದ ಲೋಹವೂ ಅದಕ್ಕೆ ಹೋಯಿತು. ಬಾಂಬಿಗೆ ಮನೆ ಕಳೆದುಕೊಂಡಿದ್ದ ಸಾವಿರಾರು ಸಂಸಾರಗಳಿಗೆ ಸೂರಾಯಿತು.

ಇದನ್ನೆಲ್ಲ ನಾವು ಮೆಚ್ಚುತ್ತೇವೆ. ಯುದ್ಧದ ಸಾಮಾನು ಚಮಚವಾಗುವುದಕ್ಕಿಂತ ಒಳ್ಳೆಯ ಗತಿ ಇನ್ನೇನಿದೆ?

ಈಗ ಸಿರಿವಂತ ದೇಶಗಳಲ್ಲಿ ಇನ್ನೊಂದು ಬಗೆಯ ಮರುಬಳಕೆ ಬಂದಿದೆ. ರೆಕ್ಕೆಯ ತುಂಡಿನಿಂದ ಆಫೀಸ್ ಮೇಜು, ಎಂಜಿನ್ನಿನ ಮುಖದಿಂದ ಗೋಡೆಯ ಕನ್ನಡಿ. ಹೊರಮೈ ತಗಡನ್ನು ಸಣ್ಣಗೆ ಕತ್ತರಿಸಿ, ವಿಮಾನದ ನಂಬರ್ ಕೊರೆದು, ಕೀ ಚೈನ್ ಮಾಡಿ ಮಾರುತ್ತಾರೆ. ಇದನ್ನು ಸಂಗ್ರಹಿಸುವವರೂ ಇದ್ದಾರೆ. ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಪ್ರಯಾಣಿಕ ವಿಮಾನದ ತಗಡಾದರೆ ನಮ್ಮ ತಕರಾರಿಲ್ಲ. ಹೇಗೂ ಕುಲುಮೆಗೆ ಹೋಗುವುದು, ಯಾರದೋ ಜೇಬಿನಲ್ಲಿ ಉಳಿಯಲಿ.

ತಕರಾರು ಇರುವುದು ಕೊನೆಯದನ್ನು ಕತ್ತರಿಸುವಾಗ. ಬ್ರಿಟನ್ನಿನಲ್ಲಿ ಶಾರ್ಟ್ ಸ್ಟರ್ಲಿಂಗ್ ಎಂಬ ಬಾಂಬರ್ 2,300ಕ್ಕೂ ಹೆಚ್ಚು ತಯಾರಾಗಿತ್ತು. ಇವತ್ತು ಜಗತ್ತಿನಲ್ಲಿ ಇಡಿಯಾದ ಒಂದೂ ಇಲ್ಲ. "ಬೇಕಾದಷ್ಟು ಇದೆಯಲ್ಲ" ಎಂದುಕೊಂಡೇ ಎಲ್ಲವನ್ನೂ ಕರಗಿಸಿದರು. ಬೀಜದ ರಾಗಿಯನ್ನೂ ಬೀಸಿಕೊಂಡು ತಿಂದ ಹಾಗೆ.

ನಮ್ಮಲ್ಲೂ ಅಂಥವು ಇವೆ. ಬಸಂತ್ ಎಂಬ ವಿಮಾನದ ಹೆಸರು ಕೇಳಿದ್ದೀರಾ? ಹೊಲಗಳ ಮೇಲೆ ಔಷಧಿ ಸಿಂಪಡಿಸಲೆಂದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪಿಸಿದ ವಿಮಾನ ಅದು. 1972ರಲ್ಲಿ ಮೊದಲ ಸಲ ಹಾರಿತು. ತಯಾರಾದದ್ದು ಬರೀ 39. ಇನ್ನೊಂದು ವಿಮಾನದ ಹೆಸರು ಕೃಷಕ್. ಹೆಸರು ರೈತನದು, ಕೆಲಸ ಮಾತ್ರ ಸೈನ್ಯಕ್ಕೆ ಆಕಾಶದಿಂದ ನೋಡಿ ಹೇಳುವುದು! ಇವತ್ತು ಡ್ರೋನ್ ತಂದು ಹೊಲಕ್ಕೆ ಔಷಧಿ ಹೊಡೆಸುವ ನಮ್ಮ ಹುಡುಗರಿಗೆ, ಐವತ್ತು ವರ್ಷದ ಹಿಂದೆಯೇ ಇದೇ ಕೆಲಸಕ್ಕೆ ಇದೇ ರಾಜ್ಯದಲ್ಲಿ ವಿಮಾನ ಮಾಡಿದ್ದರು ಎಂಬುದು ಗೊತ್ತಿಲ್ಲ. ಎಲ್ಲಾದರೂ ಬಸಂತ್‌ನ ಒಂದು ಭಾಗ ಗುಜರಿಯಲ್ಲಿ ಕಂಡರೆ ಅದು ಕೀ ಚೈನ್ ಆಗಬಾರದು.

"ನಮಗ್ಯಾಕೆ ಬೇಕು ಇದೆಲ್ಲ?"

ಕೇಳುವವರು ಕೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರೆ. ಬೋರ್‌ವೆಲ್ ಬತ್ತಿದೆ, ಟೊಮೆಟೊಗೆ ರೇಟಿಲ್ಲ, ಹಳೆ ವಿಮಾನದ ಮಾತು ಯಾತಕ್ಕೆ? ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟು.

ನಮ್ಮ ಊರುಗಳ ಚರಿತ್ರೆ ಎಂದರೆ ವೀರಗಲ್ಲು, ಶಾಸನ, ಹಾಳು ಕೋಟೆ ಎಂದಷ್ಟೇ ತಿಳಿದಿದ್ದೇವೆ. ಕಾನೂನಿನ ಕಣ್ಣಿಗೂ ಅಷ್ಟೇ. 1972ರ ಪುರಾತನ ವಸ್ತುಗಳ ಕಾಯ್ದೆ ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಂಬತ್ತು ವರ್ಷದ ವಿಮಾನದ ಬಿಡಿಭಾಗಕ್ಕೆ ಈ ಕಾಯ್ದೆಯ ರಕ್ಷಣೆ ಇಲ್ಲ. ಅದನ್ನು ಕಾಪಾಡಬೇಕಾದವರು ಅದನ್ನು ಕೈಯಲ್ಲಿ ಹಿಡಿದವರೇ.

ಮತ್ತೆ ಆ ವಸ್ತುವನ್ನು ಮಾಡಿದವರು ಯಾರು? ಬೆಂಗಳೂರಿನ ಕಾರ್ಖಾನೆಗೆ ಸುತ್ತಲಿನ ಊರುಗಳಿಂದ ಸೈಕಲ್ ತುಳಿದುಕೊಂಡು, ಬಸ್ಸು ಹಿಡಿದು ಹೋದವರು. ಮುಳ್ಳು, ಮಿಣಿ, ಕುಡುಗೋಲು ಹಿಡಿದ ಕೈಗಳು ಮೈಕ್ರೋಮೀಟರ್ ಹಿಡಿದವು. ಸ್ವತಂತ್ರ ಭಾರತದ ಮೊದಲ ತರಬೇತಿ ವಿಮಾನ ಎಚ್‌ಟಿ-2 1951ರ ಆಗಸ್ಟ್‌ನಲ್ಲಿ ಹಾರಿದ್ದು, ಜೆಟ್ ಯುದ್ಧವಿಮಾನ ಮಾರುತ್ 1961ರ ಜೂನ್ 17ರಂದು ಹಾರಿದ್ದು, ಎರಡೂ ಬೆಂಗಳೂರಿನಲ್ಲಿ. ಮಾರುತ್ ಒಟ್ಟು 147 ತಯಾರಾದವು. ಎಂಜಿನಿಯರುಗಳ ಹೆಸರು ಉಳಿಯಿತು. ಉಳಿದವರ ಗುರುತು ಅವರ ಟ್ರಂಕುಗಳಲ್ಲಿದೆ. ಟ್ರಂಕ್ ಹೋದರೆ ಅದೂ ಹೋಯಿತು.

ಗುಜರಿಯವರು ಶತ್ರುಗಳಲ್ಲ

ಒಂದು ಮಾತು ಬಿಡಿಸಿ ಹೇಳಬೇಕು. ಗುಜರಿ ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಯಾವ ಲೋಹ ಯಾವುದು ಎಂದು ಮುಟ್ಟಿ ಹೇಳುವವರು ಅವರು. ಮನೆಯವರೇ ಬೇಡವೆಂದದ್ದನ್ನು ಅವರು ತೂಕಕ್ಕೆ ಹಾಕಿದರೆ ತಪ್ಪು ಅವರದಲ್ಲ. ಜಗತ್ತಿನಲ್ಲಿ ಉಳಿದ ಎಷ್ಟೋ ಹಳೆಯ ವಿಮಾನಗಳು ಉಳಿದದ್ದು ಗುಜರಿಯವರು ಕತ್ತರಿಸಲು ಮನಸ್ಸಾಗದೆ ಬದಿಗಿಟ್ಟಿದ್ದರಿಂದ.

ರಾಜ್ಯಸಭೆಯಲ್ಲಿ ಕರ್ನಾಟಕದಿಂದ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಗುಜರಿ ಸೇರಿದ್ದ ಹಳೆಯ ಡಕೋಟ ವಿಮಾನವೊಂದನ್ನು ಕೊಂಡು, ಬ್ರಿಟನ್ನಿನಲ್ಲಿ ಸರಿಮಾಡಿಸಿ, 2018ರಲ್ಲಿ ವಾಯುಪಡೆಗೆ ಉಡುಗೊರೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. ಪರಶುರಾಮ ಎಂದು ಹೆಸರಿಟ್ಟ ಆ ವಿಮಾನ ಅಲ್ಲಿಂದ ಹಾರಿಕೊಂಡೇ ಭಾರತಕ್ಕೆ ಬಂತು. ಅಷ್ಟು ದುಡ್ಡು ನಮ್ಮ ನಿಮ್ಮ ಹತ್ತಿರ ಇಲ್ಲ. ಆದರೆ ತಂದೆ ಮಾಡಿದ ಕೆಲಸದ ಗುರುತು ಉಳಿಯಲಿ ಎಂಬ ಆಸೆಗೆ ದುಡ್ಡು ಬೇಕಿಲ್ಲ.

ಎಚ್ಚರ ತಪ್ಪಬೇಡಿ

ಆಸೆಯ ಜತೆ ಎಚ್ಚರವೂ ಇರಲಿ. ಇದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ.

ಹಳೆಯ ವಿಮಾನದ ಮೀಟರುಗಳ ಅಂಕಿಗಳಿಗೆ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ಗಾಜು ಒಡೆದ ಮೀಟರನ್ನು ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ತಾತನ ಟ್ರಂಕಿನ ಆ ಒಡೆದ ಮೀಟರಿನ ಜತೆ ನಮ್ಮ ಗೆಳೆಯ ಚಿಕ್ಕಂದಿನಲ್ಲಿ ಆಡಿದ್ದಾನೆ. ಆಗ ಯಾರಿಗೂ ಗೊತ್ತಿರಲಿಲ್ಲ.

ಹಳೆಯ ವಿಮಾನದ ಚಕ್ರ, ಗೇರ್ ಪೆಟ್ಟಿಗೆಗಳಲ್ಲಿ ಮೆಗ್ನೀಸಿಯಂ ಬೆರೆತ ಲೋಹ ಇರುತ್ತದೆ. ನೋಡಲು ಅಲ್ಯೂಮಿನಿಯಂ ಥರವೇ. ಗ್ಯಾಸ್ ಕಟರ್ ಹಿಡಿದರೆ ಹೊತ್ತಿಕೊಳ್ಳಬಹುದು. ನೀರು ಹಾಕಿದರೆ ಬೆಂಕಿ ಇನ್ನೂ ಜೋರಾಗುತ್ತದೆ. ಒಣ ಮರಳೇ ಗತಿ.

ಹೊಲದಲ್ಲೋ ಕಾಡಲ್ಲೋ ವಿಮಾನದ ಭಾಗ ಬಿದ್ದದ್ದು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ. ಅದರೊಳಗೆ ಸಿಡಿಯುವ ಸಾಮಾನು ಇರಬಹುದು. ತನಿಖೆಗೂ ಅದು ಬೇಕು. ಸೈನ್ಯದ ಹಳೆಯ ಸಾಮಾನು ಕೊಳ್ಳುವುದಿದ್ದರೆ ಸರ್ಕಾರಿ ಹರಾಜಿನ ಮೂಲಕವೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ.

ಇನ್ನೊಂದಿದೆ. ಅರುಣಾಚಲದ ಬೆಟ್ಟಗಳಲ್ಲಿ ಯುದ್ಧದ ಕಾಲದಲ್ಲಿ ಅಸ್ಸಾಮಿನಿಂದ ಚೀನಾಕ್ಕೆ ಸಾಮಾನು ಹೊತ್ತ ವಿಮಾನಗಳು ಬಿದ್ದಿವೆ. ಆ ದಾರಿಯಲ್ಲಿ ಹಾಳಾದ ವಿಮಾನಗಳು ಸುಮಾರು 600. ಅಲ್ಲಿನ ಹಳ್ಳಿಯವರು ಸಿಕ್ಕ ತಗಡಿನಿಂದ ಪಾತ್ರೆ ಮಾಡಿಕೊಂಡರು. ವರ್ಷಗಳ ನಂತರ, ಎಲ್ಲೆಲ್ಲಿ ವಿಮಾನ ಬಿದ್ದಿದೆ ಎಂದು ಹುಡುಕಿ ಬಂದವರಿಗೆ ದಾರಿ ತೋರಿಸಿದವರೂ ಅವರೇ. ಪೈಲಟ್‌ಗಳ ಮನೆಯವರಿಗೆ ತಮ್ಮವರು ಎಲ್ಲಿ ಸತ್ತರು ಎಂಬುದು ಅರುವತ್ತು ವರ್ಷದ ಮೇಲೆ ತಿಳಿಯಿತು. 2023ರಲ್ಲಿ ಪಾಸಿಘಾಟ್‌ನಲ್ಲಿ ಅವರ ನೆನಪಿಗೆ ಮ್ಯೂಸಿಯಂ ತೆರೆದಿದೆ. ಬಿದ್ದ ವಿಮಾನ ಎಂದರೆ ಬಹಳ ಸಲ ಸಮಾಧಿ. ಅಲ್ಲಿಂದ ಒಂದು ನಟ್ಟು ಎತ್ತಿಕೊಳ್ಳುವುದೂ ಸಂಗ್ರಹವಲ್ಲ.

ನಾವು ಕೇಳುವುದು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ವಾಯುಪಡೆ ವಿದಾಯ ಹೇಳಿತು. 1963ರಿಂದ ಹಾರಿದ ವಿಮಾನ. ಇನ್ನು ಅವುಗಳಲ್ಲಿ ಕೆಲವು ಊರ ಸರ್ಕಲ್‌ಗಳಲ್ಲಿ ಕಂಬದ ಮೇಲೆ ನಿಲ್ಲುತ್ತವೆ, ಮಿಕ್ಕವು ಕುಲುಮೆಗೆ.

ಕಂಬದ ಮೇಲಿನ ವಿಮಾನ ನೋಡಲು ಚೆಂದ. ಉದ್ಘಾಟನೆಯ ದಿನ ಬಣ್ಣ, ಹಾರ, ಭಾಷಣ. ಮೂರು ಮಳೆಗಾಲ ಕಳೆದ ಮೇಲೆ ಪಾರಿವಾಳದ ಹಿಕ್ಕೆ, ರೆಕ್ಕೆಯ ಕೆಳಗೆ ಹುಟ್ಟುಹಬ್ಬದ ಫ್ಲೆಕ್ಸ್. ಯಾವ ವಿಮಾನ, ಎಲ್ಲಿ ಹಾರಿತು, ಯಾರು ಮಾಡಿದರು ಎಂಬ ಬೋರ್ಡ್ ಕನ್ನಡದಲ್ಲಿ ಇರುವುದಿಲ್ಲ.

ನಮ್ಮ ಅಭಿಪ್ರಾಯ ಬೇರೆ. ಕುಲುಮೆಗೆ ಹೋಗುವ ಮುನ್ನ ರೆಕ್ಕೆಯ ಒಂದು ಭಾಗ, ಖಾಲಿ ಮಾಡಿದ ಎಂಜಿನ್, ಲ್ಯಾಂಡಿಂಗ್ ಗೇರ್, ಇವನ್ನು ತಾಲ್ಲೂಕಿನ ಸರ್ಕಾರಿ ಐಟಿಐಗಳಿಗೆ ಕೊಡಲಿ. ಅಪಾಯದ ಭಾಗ, ಗುಟ್ಟಿನ ಭಾಗ ತೆಗೆದುಕೊಂಡೇ ಕೊಡಲಿ. ಫಿಟ್ಟರ್ ಕಲಿಯುವ ಹುಡುಗ, ಶೀಟ್ ಮೆಟಲ್ ಕಲಿಯುವ ಹುಡುಗಿ ನಿಜವಾದ ರಿವೆಟ್ ಸಾಲನ್ನು ಬೆರಳಿಂದ ಮುಟ್ಟಿ ನೋಡಲಿ. ಇಂಜಿನಿಯರಿಂಗ್ ಕಾಲೇಜುಗಳಿಗೆ ಇಂಥವು ಸಿಗುತ್ತವೆ. ಐಟಿಐಗೂ ಸಿಗಲಿ. ಕಾನ್ಪುರದ ಗುಜರಿಯನ್ನು ಎಬ್ಬಿಸಿದ್ದು ಪದವಿಯೊಂದೇ ಅಲ್ಲ, ಪಳಗಿದ ಕೈಯೂ ಹೌದು.

ಸರ್ಕಾರ ಮಾಡುವಾಗ ಮಾಡಲಿ, ಅಲ್ಲಿಯವರೆಗೆ ನಾವು ನೀವು ಮಾಡಬಹುದಾದ್ದೂ ಇದೆ. ನಿಮ್ಮ ಊರಲ್ಲಿ ವಿಮಾನ ಕಾರ್ಖಾನೆಯಲ್ಲಿ, ವಾಯುಪಡೆಯಲ್ಲಿ, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ಬಂದ ಅಜ್ಜಂದಿರು ಇದ್ದರೆ ಒಂದು ಸಂಜೆ ಅವರ ಹತ್ತಿರ ಕೂತುಕೊಳ್ಳಿ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಅವರ ಹತ್ತಿರ ಹಳೆಯ ಬಿಡಿಭಾಗ ಇದ್ದರೆ ತಿಕ್ಕಿ ತೊಳೆದು ಹೊಳಪು ಮಾಡಬೇಡಿ. ಮೇಲಿರುವ ನಂಬರ್, ಮುದ್ರೆಗಳೇ ಅದರ ಜಾತಕ, ತಿಕ್ಕಿದರೆ ಅಳಿಸಿ ಹೋಗುತ್ತದೆ. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಯಾರದು, ಎಲ್ಲಿಂದ ಬಂತು, ಯಾವ ವರ್ಷ ಎಂದು ಚೀಟಿ ಬರೆದು ಕಟ್ಟಿ. ಚೀಟಿ ಇಲ್ಲದ ತಗಡು ಬರೀ ತಗಡು. ಮನೆಯಲ್ಲಿ ಇಡಲಾಗದಿದ್ದರೆ ಊರ ಶಾಲೆಗೆ ಕೊಡಿ.

ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಮುನ್ನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ಮ್ಯೂಸಿಯಂಗೆ ಒಮ್ಮೆ ಕರೆದೊಯ್ಯಿರಿ.

ಗುಜರಿ ಅಂಗಡಿಯವರಲ್ಲೂ ಒಂದು ಕೋರಿಕೆ. ರಿವೆಟ್ ಸಾಲು ಇರುವ ತಗಡು, ನಂಬರ್ ಪಟ್ಟಿ ಇರುವ ಭಾಗ ತಕ್ಕಡಿಗೆ ಬಂದರೆ, ತಂದವರನ್ನು "ಇದು ಯಾರದಪ್ಪ" ಎಂದು ಒಂದು ಮಾತು ಕೇಳಿ. ಲೋಡು ಹೋಗುವ ಮುನ್ನ ಎರಡು ದಿನ ಬದಿಗಿಡಿ.

ನಮ್ಮ ಗೆಳೆಯ ಈಗಲೂ ಊರಿಗೆ ಹೋದಾಗಲೆಲ್ಲ ಆ ಅಂಗಡಿಗೆ ಹೋಗಿ ಬರುತ್ತಾನೆ. ತಗಡು ಸಿಕ್ಕಿಲ್ಲ, ಸಿಗುವುದೂ ಇಲ್ಲ. ಹೋದ ಸಲ ಅಂಗಡಿಯವರೇ ಅವನನ್ನು ಕೂರಿಸಿ ಟೀ ತರಿಸಿದರಂತೆ. ಪಕ್ಕದ ಊರಿನಲ್ಲಿ ಅದೇ ಕಾರ್ಖಾನೆಯಲ್ಲಿ ದುಡಿದ ಇನ್ನೊಬ್ಬ ಅಜ್ಜ ಇದ್ದಾರೆ, ತೊಂಬತ್ತು ದಾಟಿದೆ, ಕಿವಿ ಮಂದ, ಆದರೆ ನೆನಪು ಚೆನ್ನಾಗಿದೆ ಎಂದು ಹೇಳಿದರಂತೆ.

ಬರುವ ಭಾನುವಾರ ನಾವೆಲ್ಲ ಅಲ್ಲಿಗೆ ಹೊರಟಿದ್ದೇವೆ.